ಬಿಡಿಭಾಗಗಳೂ ಬಂಡಿಯೂ

ಯುರೋಪಿನ ಪ್ರಕಾಶಕರಲ್ಲಿ ಗ್ರಂಥಗಳನ್ನು ಕಂತುಕಂತಾಗಿ ಮಾರುವ ಪದ್ಧತಿ ಬಹುಕಾಲದಿಂದ ಇದೆ. ವಿಶ್ವಕೋಶದ ಒಂದೊಂದು ಸಂಚಿಕೆಯನ್ನು ವಾರವಾರವೂ ಕೊಟ್ಟು, ಎಲ್ಲವೂ ಕೂಡಿದ ಮೇಲೆ ರಟ್ಟು ಕಟ್ಟಿಸಿಕೊಳ್ಳಿರೆಂದು ಹೇಳುವುದು ಅದರ ಹಳೆಯ ರೂಪ. 1901ರಲ್ಲಿ ಭೂಗೋಳ ಸಂಸ್ಥೆಯಾಗಿ ಹುಟ್ಟಿ, ಆಮೇಲೆ ಇಟಲಿಯ ನೊವಾರಾ ಪಟ್ಟಣದಲ್ಲಿ ನೆಲಸಿದ ಡಿ ಅಗೊಸ್ಟೀನಿ ಸಂಸ್ಥೆಯು ಈ ವ್ಯಾಪಾರದಲ್ಲಿ ಹೆಸರಾದುದು. ಈಚಿನ ದಶಕಗಳಲ್ಲಿ ಇಂಥ ಸಂಚಿಕೆಗಳ ಸಂಗಡ ಕಾಗದವಷ್ಟೇ ಅಲ್ಲದೆ ಲೋಹದ ತುಂಡುಗಳೂ ಬರುತ್ತವೆ. ಈ ವಾರ ಒಂದು ಚಕ್ರ, ಮುಂದಿನ ವಾರ ಅದರ ಟೈರು, ಅದರ ಮುಂದಿನ ವಾರ ನಾಲ್ಕು ತಿರುಪುಮೊಳೆಗಳೂ ಒಂದು ಕನ್ನಡಿಯೂ. ಹೀಗೆ ನೂರಕ್ಕೂ ಮಿಕ್ಕ ಕಂತುಗಳು ಮುಗಿದರೆ, ನಿಜವಾದ ಮೋಟಾರಿನ ಎಂಟನೆಯ ಒಂದು ಪಾಲು ಅಳತೆಯುಳ್ಳ ಪುಟ್ಟ ಮೋಟಾರೊಂದು ಮನೆಯ ಮೇಜಿನ ಮೇಲೆ ಸಿದ್ಧವಾಗುವುದು. ಮೊದಲ ಸಂಚಿಕೆಯ ಬೆಲೆ ಅತ್ಯಲ್ಪ. ಬಳಿಕ ಬರುವುವು ಅಷ್ಟು ಅಗ್ಗವಲ್ಲ. ಬಿಡಿಯಾಗಿ ಕೊಟ್ಟ ಹಣವನ್ನೆಲ್ಲ ಕೂಡಿಸಿ ನೋಡಿದರೆ ಎದೆ ಝಲ್ಲೆನ್ನುವುದುಂಟು. ಆದರೆ ಕೂಡಿಸಿ ನೋಡುವವರು ಯಾರು?

ಇದನ್ನು ಮಕ್ಕಳಾಟವೆಂದು ನಗುವವರುಂಟು. ನಗಲಿ. ಈ ಆಟದೊಳಗೆ ನಮ್ಮ ಶಾಸ್ತ್ರಕಾರರು ನೂರಾರು ವರ್ಷ ಹೋರಾಡಿದ ಪ್ರಶ್ನೆಯೊಂದು ಅಡಗಿದೆ. ಅದಕ್ಕೆ ಕೊಡುವ ಉತ್ತರದ ಮೇಲೆ ಒಬ್ಬರಿಗೆ ಅನ್ಯಾಯವಾಯಿತೇ ಇಲ್ಲವೇ ಎಂಬುದು ನಿಂತಿದೆ. ಆದುದರಿಂದ ವಾಚಕರು ಸ್ವಲ್ಪ ತಾಳ್ಮೆಯಿಂದ ನನ್ನೊಡನೆ ಬರಬೇಕೆಂದು ಬೇಡುತ್ತೇನೆ.

ಮಿಲಿಂದರಾಜನಿಗೂ ನಾಗಸೇನಭಿಕ್ಷುವಿಗೂ ನಡೆದ ಸಂವಾದವನ್ನು ಹಲವರು ಬಲ್ಲರು. ಅರಸನು ರಥದಲ್ಲಿ ಬಂದೆನೆಂದನು. ಅಚ್ಚು ರಥವೋ, ಚಕ್ರ ರಥವೋ, ನೊಗ ರಥವೋ ಎಂದು ಭಿಕ್ಷುವು ಕೇಳುತ್ತ ಹೋದನು. ಯಾವುದೂ ಅಲ್ಲವೆಂದಾಗ, ರಥವೆಂಬುದು ಬರಿಯ ಹೆಸರೆಂದು ತೋರಿಸಿದನು. ಅವಯವಗಳನ್ನು ಬಿಟ್ಟು ಅವಯವಿಯೆಂಬುದು ಬೇರೆ ಇಲ್ಲವೆಂಬುದು ಬೌದ್ಧರ ನಿಲವು. ನೈಯಾಯಿಕರು ಇದನ್ನು ಒಪ್ಪಲಿಲ್ಲ. ಎಳೆಗಳು ಬೇರೆ, ಬಟ್ಟೆ ಬೇರೆ. ಎಳೆಗಳಲ್ಲಿ ಸಮವಾಯಸಂಬಂಧದಿಂದ ಬಟ್ಟೆಯೆಂಬ ಹೊಸ ದ್ರವ್ಯ ಹುಟ್ಟುತ್ತದೆಯೆಂದರು. ಇದಕ್ಕೆ ಗೌತಮನ ಸೂತ್ರಗಳಲ್ಲಿ ಕೊಟ್ಟಿರುವ ಒಂದು ಕಾರಣ ನನಗೆ ಬಹಳ ಹಿಡಿಸಿದ್ದು: ಒಂದು ಕಡೆಯಲ್ಲಿ ಹಿಡಿದರೆ ಪೂರ್ತಿ ಮೇಲೇಳುತ್ತದೆ, ಒಂದು ಕಡೆಯಲ್ಲಿ ಎಳೆದರೆ ಪೂರ್ತಿ ಬರುತ್ತದೆ. ಪೆಟ್ಟಿಗೆಯೊಳಗಿನ ಚಕ್ರವನ್ನು ಎತ್ತಿದರೆ ಚಕ್ರವೊಂದೇ ಕೈಗೆ ಬರುವುದು. ಕೂಡಿಸಿದ ಬಂಡಿಯ ಮುಂಭಾಗವನ್ನು ಹಗ್ಗದಿಂದ ಎಳೆದರೋ, ಹಿಂದಿನ ದೀಪವೂ ಹೇಳದೆಯೇ ಹಿಂಬಾಲಿಸುವುದು. ಅಂಟಿನಿಂದಲೂ ಹೀಗಾಗಬಹುದಲ್ಲವೇ ಎಂಬ ಆಕ್ಷೇಪವನ್ನು ಭಾಷ್ಯಕಾರರೇ ಎದುರಿಸಿದ್ದಾರೆ. ಆ ಕಾಡಿನೊಳಕ್ಕೆ ಈಗ ನುಗ್ಗುವುದು ಬೇಡ.

ಈಗ ಮಾರುವವನ ಕಡೆಗೆ ತಿರುಗೋಣ. ಅವನು ಜಾಹೀರಾತಿನಲ್ಲಿ ಏನನ್ನು ತೋರಿಸುತ್ತಾನೆ? ತಿರುಪುಮೊಳೆಯನ್ನಲ್ಲ, ಬಾಗಿಲು ತೆರೆಯುವ, ದೀಪ ಹೊತ್ತುವ, ಥಳಥಳಿಸುವ ಪೂರ್ಣ ಬಂಡಿಯನ್ನು. ಆಗ ಅವನು ಅಪ್ಪಟ ನೈಯಾಯಿಕ. ಆದರೆ ಅರವತ್ತನೆಯ ಕಂತಿನಲ್ಲಿ ಅಂಗಡಿ ಮುಚ್ಚಬೇಕಾದಾಗ, "ಕೊಟ್ಟ ಹಣಕ್ಕೆ ತುಂಡು ಕಳುಹಿಸಿದ್ದೇನೆ, ಕಳುಹಿಸಿದ ತುಂಡಿಗೆ ಮಾತ್ರ ಹಣ ಪಡೆದಿದ್ದೇನೆ, ಲೆಕ್ಕ ಸರಿಹೋಯಿತು" ಎಂದರೆ ಅವನು ಆ ಕ್ಷಣದಲ್ಲಿ ಬೌದ್ಧನಾಗುತ್ತಾನೆ; ಬಂಡಿಯೆಂಬುದು ಎಂದೂ ಇರಲೇ ಇಲ್ಲ, ಇದ್ದುದು ತುಂಡುಗಳು ಮಾತ್ರ! ಇದು ಕಲ್ಪನೆಯ ಮಾತಲ್ಲ. ಬ್ರಿಟನ್ನಿನಲ್ಲಿ ಇಂಥ ಮಾಲೆಗಳನ್ನು ಹೊರಡಿಸುತ್ತಿದ್ದ ಈಗಲ್‌ಮಾಸ್ ಸಂಸ್ಥೆಯು 2022ರಲ್ಲಿ ದಿವಾಳಿಯಾಗಿ ನಿಂತುಹೋಯಿತು. ಅನೇಕ ಚಂದಾದಾರರ ಮನೆಗಳಲ್ಲಿ ಅರ್ಧ ಕಟ್ಟಿದ ಮಾದರಿಗಳು ಉಳಿದವು. ಅಳತೆ ಎಂಟನೆಯ ಒಂದಾದರೂ, ಎರಡು ವರ್ಷದ ಸಂಜೆಗಳ ಅಳತೆ ಚಿಕ್ಕದಲ್ಲ.

ದಿವಾಳಿಯಾದವನನ್ನು ದೂಷಿಸುವುದು ಸುಲಭ; ಇಲ್ಲದವನು ಎಲ್ಲಿಂದ ಕೊಟ್ಟಾನು? ನನ್ನ ಪ್ರಶ್ನೆ ಮುಗಿಸುವ ಹೊತ್ತಿನದಲ್ಲ, ತೊಡಗುವ ಹೊತ್ತಿನದು. ಜೈಮಿನಿಯ ಮೀಮಾಂಸೆಯಲ್ಲಿ ಇದಕ್ಕೆ ಹತ್ತಿರದ ವಿಚಾರವಿದೆ. ಫಲವನ್ನು ಬಯಸಿ ಮಾಡುವ ಕಾಮ್ಯಕರ್ಮವನ್ನು ಆರಂಭಿಸುವುದು ಕರ್ತೃವಿನ ಇಚ್ಛೆ. ಆದರೆ ಆರಂಭಿಸಿದ ಮೇಲೆ ಆಸೆ ಬತ್ತಿದರೂ ಮುಗಿಸಲೇಬೇಕು. ಲೌಕಿಕ ಕೆಲಸಗಳಿಗೆ ಮಾತ್ರ ಈ ಕಟ್ಟು ಇಲ್ಲವೆಂದು ಅಲ್ಲಿಯೇ ತೀರ್ಮಾನಿಸಿದ್ದಾರೆ. ಈ ತೀರ್ಮಾನದಂತೆ ಕೊಳ್ಳುವವನು ಸ್ವತಂತ್ರ: ಬೇಸರ ಬಂದರೆ ನಲವತ್ತನೆಯ ಕಂತಿಗೆ ನಿಲ್ಲಿಸಿ, ತುಂಡುಗಳನ್ನು ಅಟ್ಟಕ್ಕೆ ಹಾಕಿ, ಮನೆಯವರ ಮೂದಲಿಕೆಯನ್ನು ಕೇಳಿಕೊಂಡಿರಬಹುದು. ನಷ್ಟ ಅವನೊಬ್ಬನದೇ. ಮಾರುವವನಿಗೂ ಇದೇ ಬಿಡುಗಡೆಯೇ? ಅಲ್ಲವೆಂದು ನನ್ನ ಮತ. ಅವನ ಆರಂಭವು ಅವನೊಬ್ಬನ ಆರಂಭವಲ್ಲ. ಸಾವಿರ ಮಂದಿಯ ಆರಂಭಕ್ಕೆ ಅದು ನಿಮಿತ್ತವಾಗಿದೆ. ಕೊನೆಯ ಕಂತಿನ ಅಚ್ಚುಗಳು ತನ್ನ ಕೈಯಲ್ಲಿವೆಯೋ, ಹಣ ಸಾಕಾಗುವುದೋ ಎಂಬುದನ್ನು ನೋಡಿಕೊಳ್ಳದೆ ಮೊದಲ ಸಂಚಿಕೆಯನ್ನು ಪೇಟೆಗೆ ತಂದವನು, ವಿಧಿ ಕೈಕೊಟ್ಟಿತೆಂದು ತಲೆಯ ಮೇಲೆ ಕೈಹೊತ್ತರೆ ಅದನ್ನು ಪೂರ್ತಿಯಾಗಿ ಒಪ್ಪಲಾಗದು.

ತುಂಡೊಂದಕ್ಕೆ ಬೆಲೆ ಎಲ್ಲಿಂದ ಬಂತೆಂಬುದನ್ನೂ ನೋಡಬೇಕು. ಶಬ್ದಬೋಧದ ವಿಷಯದಲ್ಲಿ ತರ್ಕಸಂಗ್ರಹವನ್ನು ಓದಿದ ಹುಡುಗನಿಗೂ ತಿಳಿದಿರುವಂತೆ, ಪದಗಳು ವಾಕ್ಯವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕು. "ಹಸುವನ್ನು" ಎಂದು ಒಂದು ಜಾವದಲ್ಲಿ ಹೇಳಿ "ತಾ" ಎಂದು ಮತ್ತೊಂದು ಜಾವದಲ್ಲಿ ಹೇಳಿದರೆ ಕೇಳುವವನಿಗೆ ಅರ್ಥವಾಗದು; ಅಲ್ಲಿ ಸನ್ನಿಧಿಯಿಲ್ಲ. ಕಂತಿನ ಬಂಡಿಯು ಇಂಥದೇ ಒಂದು ವಾಕ್ಯ, ಆದರೆ ಎರಡು ವರ್ಷ ಎಳೆದು ಹೇಳಿದ ವಾಕ್ಯ. ಅದರ ಸನ್ನಿಧಿಯನ್ನು ಒದಗಿಸುವವನು ಮಾರುವವನಲ್ಲ, ಕಟ್ಟುವವನು. ಹನ್ನೆರಡನೆಯ ವಾರದ ತುಂಡನ್ನು ಕಾಗದದಲ್ಲಿ ಸುತ್ತಿ ಮೇಲೆ ಅಂಕೆ ಬರೆದಿಟ್ಟು, ಎಪ್ಪತ್ತನೆಯ ವಾರದಲ್ಲಿ ಅದರ ಜೊತೆಯದು ಬಂದಾಗ ನೆನಪಿನಿಂದ ಹೊರತೆಗೆಯುವವನು ಅವನೇ. ಹೀಗಿರುವಾಗ, ಕಳೆದ ವಾರದ ತುಂಡಿನ ಬೆಲೆಯಲ್ಲಿ ಬರಲಿರುವ ತುಂಡಿನ ಆಕಾಂಕ್ಷೆಯೂ ಸೇರಿರುತ್ತದೆ. ಬಾಗಿಲಿಲ್ಲದ ಬಾಗಿಲ ಹಿಡಿಯನ್ನು ಯಾರು ಕಾಸು ಕೊಟ್ಟು ಕೊಂಡಾರು? ಲೆಕ್ಕ ಸರಿಹೋಯಿತೆನ್ನುವವನು ಈ ಆಕಾಂಕ್ಷೆಗೂ ಹಣ ಪಡೆದಿದ್ದಾನೆಂಬುದನ್ನು ಮರೆಯುತ್ತಾನೆ.

ಮೇಜಿನ ಮೇಲಿನ ಬಂಡಿಯನ್ನು ಬಿಟ್ಟು ಬೀದಿಯಲ್ಲಿ ಓಡುವ ಬಂಡಿಗೆ ಬಂದರೂ ಇದೇ ವಾದ ಬೆನ್ನು ಹತ್ತುವುದು. ಬ್ರಿಟನ್ನಿನಲ್ಲಿ 1940ರಿಂದ 1973ರವರೆಗೆ ಕೊಳ್ಳುವಿಕೆಯ ಮೇಲೆ ಒಂದು ತೆರಿಗೆಯಿತ್ತು. ಸಿದ್ಧವಾದ ಮೋಟಾರಿಗೆ ಅದು ಬೀಳುತ್ತಿತ್ತು. ಮನೆಯಲ್ಲಿ ಜೋಡಿಸಿಕೊಳ್ಳಲು ಕೊಟ್ಟ ಭಾಗಗಳಿಗೆ ಬೀಳುತ್ತಿರಲಿಲ್ಲ. ಸರಕಾರವೇ ನಾಗಸೇನನ ಶಿಷ್ಯನಾಯಿತೆನ್ನಬೇಕು! ಲೋಟಸ್ ಸಂಸ್ಥೆಯ ಕಾಲಿನ್ ಚಾಪ್‌ಮನ್ 1957ರಲ್ಲಿ ಹೊರತಂದ ಲೋಟಸ್ ಸೆವೆನ್ ಎಂಬ ಹಗುರವಾದ ಬಂಡಿಯನ್ನು ಬಹುಮಂದಿ ಈ ರೀತಿಯಲ್ಲಿ ಭಾಗಗಳಾಗಿ ಕೊಂಡು ಮನೆಯಲ್ಲಿಯೇ ಕಟ್ಟಿಕೊಂಡರು. ಜೋಡಿಸುವ ಕ್ರಮವನ್ನು ಬರೆದುಕೊಟ್ಟರೆ ತೆರಿಗೆಯ ವಿನಾಯಿತಿ ಹೋಗುತ್ತದೆಂದು, ಬಂಡಿಯನ್ನು ಬಿಚ್ಚುವ ಕ್ರಮವನ್ನು ಬರೆದುಕೊಟ್ಟು ಹಿಂದುಮುಂದಾಗಿ ಓದಿಕೊಳ್ಳಲು ಬಿಟ್ಟರೆಂದು ಒಂದು ಕಥೆ ಪ್ರಚಾರದಲ್ಲಿದೆ. ಕಥೆ ಸೊಗಸಾಗಿದೆ, ಯುಕ್ತಿಯನ್ನು ಮೆಚ್ಚಿ ನಗಬಹುದು. ಆದರೆ ಕಾನೂನಿನ ಅಕ್ಷರವನ್ನು ಕಾಪಾಡಿ ಅದರ ಅಭಿಪ್ರಾಯವನ್ನು ಹಿಂಬಾಗಿಲಿನಿಂದ ದಾಟಿಸುವ ಈ ಚಾತುರ್ಯಕ್ಕೂ, ಮೇಲೆ ಹೇಳಿದ ವ್ಯಾಪಾರಿಯ "ಲೆಕ್ಕ ಸರಿಹೋಯಿತು" ಎಂಬ ಮಾತಿಗೂ ನೆಂಟತನವಿಲ್ಲವೆಂದು ನಾನು ಹೇಳಲಾರೆ. ವ್ಯತ್ಯಾಸವಿಷ್ಟೆ: ಇಲ್ಲಿ ಕೊಂಡವನಿಗೆ ಕೊನೆಯಲ್ಲಿ ಬಂಡಿ ದೊರಕಿತು.

ಅಮೆರಿಕೆಯಲ್ಲಿ ಜಾನಿ ಕ್ಯಾಶ್ ಎಂಬ ಗಾಯಕನು 1976ರಲ್ಲಿ ಹಾಡಿದ ಹಾಡೊಂದು ಈ ವಾದವನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ. ಕ್ಯಾಡಿಲಾಕ್ ಕಾರ್ಖಾನೆಯ ಕೂಲಿಯೊಬ್ಬನು ತಾನೇ ಜೋಡಿಸುವ ಬಂಡಿಯನ್ನು ಎಂದೂ ಕೊಳ್ಳಲಾರನು. ಆದುದರಿಂದ ದಿನಕ್ಕೊಂದು ಬಿಡಿಭಾಗವನ್ನು ಬುತ್ತಿಯ ಡಬ್ಬಿಯಲ್ಲಿ ಬಚ್ಚಿಟ್ಟು ಸಾಗಿಸುತ್ತ ಇಪ್ಪತ್ತು ವರ್ಷಕ್ಕೂ ಮಿಕ್ಕು ಕಳೆಯುತ್ತಾನೆ. ಒಂದು ಮೊಳೆಯಿಂದ ಕಾರ್ಖಾನೆಗೆ ನಷ್ಟವೇನು ಎಂಬುದು ಅವನ ಸಮಾಧಾನ. ಬಂಡಿಯನ್ನು ಕದಿಯಲಾರದವನು ಮೊಳೆಯನ್ನು ಕದಿಯಬಲ್ಲನು. ಮನಸ್ಸಾಕ್ಷಿಗೂ ಕಂತು ಕಟ್ಟಬಹುದೆಂದು ಆಗ ತಿಳಿಯುತ್ತದೆ. ಕೊನೆಯಲ್ಲಿ ಕೂಡಿಸಹೊರಟರೆ ಒಂದು ಕಾಲದ ಯಂತ್ರಕ್ಕೂ ಮತ್ತೊಂದು ಕಾಲದ ಗೇರುಪೆಟ್ಟಿಗೆಗೂ ತೂತುಗಳೇ ಹೊಂದುವುದಿಲ್ಲ. ಆಕಾಂಕ್ಷೆ ಬೇಕಾದಷ್ಟಿತ್ತು, ಇಲ್ಲದೆ ಹೋದದ್ದು ಯೋಗ್ಯತೆ. ಬಡ ಕೂಲಿಯ ಮೇಲೆ ನನಗೆ ಕೋಪವಿಲ್ಲ. ತನ್ನ ಕೈಯಿಂದಲೇ ಹುಟ್ಟಿದ ಅವಯವಿಯು ತನಗೆ ದಕ್ಕದೆಂಬ ಅವನ ನೋವು ನಿಜವಾದುದೇ. ಆದರೂ ಅವನು ಕದ್ದದ್ದು ಮೊಳೆಗಳನ್ನಲ್ಲ, ಬಂಡಿಯನ್ನು. ಮೊದಲ ದಿನ ಡಬ್ಬಿಯ ಮುಚ್ಚಳ ಹಾಕಿದಾಗಲೇ ಅವನ ಕಣ್ಣ ಮುಂದೆ ಬಂಡಿಯಿತ್ತು. ವ್ಯಾಪಾರಿಯೂ ಮೊದಲ ಕಂತಿನಲ್ಲೇ ಮಾರಿದ್ದು ಬಂಡಿಯನ್ನೇ ಎಂದು ನಾನು ಹೇಳುವುದು ಇದೇ ಕಾರಣದಿಂದ.

ಮನೆಯಲ್ಲಿ ಕಟ್ಟಿದ ಬಂಡಿಯನ್ನು ಬ್ರಿಟನ್ನಿನಲ್ಲಿ ಈಗ ನೇರವಾಗಿ ಬೀದಿಗೆ ಇಳಿಸುವಂತಿಲ್ಲ. ಒಂದೊಂದು ಬಂಡಿಯನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ ಒಪ್ಪಿಗೆ ಕೊಡುವ ಏರ್ಪಾಡಿದೆ; ಬಿರಿ, ದೀಪ, ಚೂಪಾದ ಅಂಚು ಎಲ್ಲವನ್ನೂ ನೋಡುವರು. ಗೆದ್ದರೆ ಸಂಖ್ಯೆ ಸಿಗುವುದು. ಆದರೆ ಹಳೆಯದೂ ಹೊಸದೂ ಆದ ಭಾಗಗಳು ಕಲೆತು, ಬಂಡಿಯ ವಯಸ್ಸಾಗಲಿ ಗುರುತಾಗಲಿ ಇಂಥದೆಂದು ನಿರ್ಣಯಿಸಲು ಆಗದಿದ್ದರೆ, 'ಕ್ಯೂ' ಎಂಬ ಅಕ್ಷರದಿಂದ ಮೊದಲಾಗುವ ಸಂಖ್ಯೆಯನ್ನು ಕೊಡುತ್ತಾರೆ. ಅಂಥ ಬಂಡಿಯು ರಸ್ತೆಯಲ್ಲಿ ಉಳಿದವುಗಳಂತೆಯೇ ಓಡುತ್ತದೆ. ಅದು ಯಾವುದೆಂಬ ಪ್ರಶ್ನೆಯನ್ನು ಮಾತ್ರ ಸರಕಾರವು ಅದರ ಹಣೆಯ ಮೇಲೆಯೇ ಬರೆದು ಬಿಟ್ಟಿದೆ.