ಬಿಟ್ಟು ಕಾಣುವುದು, ಕೂಡಿಸಿ ಕಾಣುವುದು

ಚನ್ನಗಿರಿಯ ಅಡಿಕೆ ತೋಟದಲ್ಲಿ ನಡುಹಗಲು ನಿಂತು ನೆಲ ನೋಡಿ. ಸೋಗೆಗಳ ನಡುವಿನ ಸಂದು ಒಂದೂ ದುಂಡಗಿರುವುದಿಲ್ಲ. ಆದರೂ ಕೆಳಗೆ ಬಿದ್ದ ಬಿಸಿಲು ಬಿಲ್ಲೆ ಬಿಲ್ಲೆಯಾಗಿ ದುಂಡಗಿರುತ್ತದೆ. ಅದು ಸಂದಿನ ಆಕಾರವಲ್ಲ, ಸೂರ್ಯನ ಬಿಂಬ. ಸಣ್ಣ ಸಂದು ಹತ್ತು ಮೀಟರ್ ಮೇಲಿದ್ದು ಸೂರ್ಯ ನೆತ್ತಿಯಲ್ಲಿದ್ದರೆ ಬಿಲ್ಲೆಯ ಅಗಲ ಸುಮಾರು 9 ಸೆಂಟಿಮೀಟರ್. 2019ರ ಡಿಸೆಂಬರ್ 26ರಂತಹ ಗ್ರಹಣ ಬಂದರೆ ಇದೇ ಬಿಲ್ಲೆಗಳು ಕುಡುಗೋಲಿನಂತೆ ಬಾಗುತ್ತವೆ.

ಹೊನ್ನಾಳಿಯ ಮುಂದೆ ಹರಿಯುವ ತುಂಗಭದ್ರೆಯ ಗುಂಟ ಸಾಗಿದರೆ ಹಂಪಿ ಸಿಗುತ್ತದೆ. ವಿರೂಪಾಕ್ಷ ಗುಡಿಯ ಹಿಂಬದಿಯ ಕತ್ತಲಲ್ಲಿ ಒಂದು ಕಿಂಡಿ ಇಡೀ ಗೋಪುರವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ತುದಿಯ ಕಿರಣ ಕಿಂಡಿ ದಾಟಿ ಕೆಳಗಿಳಿಯುತ್ತದೆ, ಬುಡದ ಕಿರಣ ಮೇಲೇರುತ್ತದೆ. ಗಾಜಿನ ಚೂರೂ ಬೇಕಿಲ್ಲ.

ಸೂಜಿರಂಧ್ರದ ಕ್ಯಾಮೆರಾ ಮಾಡುವುದೂ ಇದನ್ನೇ. 10 ಸೆಂಟಿಮೀಟರ್ ಆಳದ ಡಬ್ಬಿಗೆ 0.4 ಮಿಲಿಮೀಟರ್ ರಂಧ್ರ ಹದವಾದದ್ದು. ಅದಕ್ಕಿಂತ ತೀರ ಚಿಕ್ಕದಾದರೆ ಬೆಳಕು ಹರಡಿ ಚಿತ್ರ ಮಸುಕಾಗುತ್ತದೆ. ಎಫ್/8ರ ಮಸೂರ ಸೆಕೆಂಡಿನ 125ನೇ ಒಂದು ಪಾಲಿನಲ್ಲಿ ಹಿಡಿಯುವ ಚಿತ್ರಕ್ಕೆ ಇದು ಸುಮಾರು 8 ಸೆಕೆಂಡು ಬೇಡುತ್ತದೆ. ಜಗಳೂರಿನ ರಂಗಯ್ಯನದುರ್ಗದಲ್ಲಿ ಜಿಗಿದೋಡುವ ಕೊಂಡುಕುರಿಗೆ ಈ ಡಬ್ಬಿ ಹಿಡಿದರೆ ಪ್ರಾಣಿ ಮಾಯ, ಬಂಡೆ ಮಾತ್ರ ಉಳಿಯುತ್ತದೆ. ನ್ಯಾಮತಿಯ ಮದುವೆಮನೆಯಲ್ಲಿ ಧಾರೆ ಎರೆಯುವ ಗಳಿಗೆಗೂ ಮಸೂರವೇ ಬೇಕು.

ಆದರೆ ಮಸೂರ ಒಂದು ದೂರವನ್ನು ಆರಿಸಿಕೊಳ್ಳುತ್ತದೆ. ಮುಖ ತಿಳಿಯಾದರೆ ಹಿಂದಿನ ಚಪ್ಪರ ಮಸುಕು. ರಂಧ್ರಕ್ಕೆ ಆ ಭೇದವಿಲ್ಲ. ಮೊಣಕೈ ದೂರದ ಹುಲ್ಲುಕಡ್ಡಿಗೂ ದಿಗಂತದ ಗುಡ್ಡಕ್ಕೂ ಹೆಚ್ಚುಕಡಿಮೆ ಒಂದೇ ಮೃದುತನ.

ಒಂದೊಂದು ಬಿಂದುವಿನಿಂದ ಹೊರಟ ಅಸಂಖ್ಯ ಕಿರಣಗಳನ್ನು ಮಸೂರ ಒಂದೆಡೆ ಕೂಡಿಸುತ್ತದೆ. ರಂಧ್ರ ತೆಳುವಾದ ಒಂದು ಎಳೆಯನ್ನು ಮಾತ್ರ ಒಳಗೆ ಬಿಟ್ಟು ಉಳಿದೆಲ್ಲವನ್ನೂ ಹೊರಗೇ ನಿಲ್ಲಿಸುತ್ತದೆ. ಕೂಡಿಸುವ ವಿದ್ಯೆ ನಮಗೆ ಚೆನ್ನಾಗಿ ಬಂದಿದೆ. ಸುದ್ದಿ, ಮಾತು, ಅಭಿಪ್ರಾಯಗಳನ್ನು ದಿನವಿಡೀ ಕೂಡಿಸುತ್ತಲೇ ಇದ್ದೇವೆ. ಬಿಡುವ ವಿದ್ಯೆಯನ್ನು ಮಾತ್ರ ಮರೆತಿದ್ದೇವೆ.

ಹಂಪಿಯ ಆ ಗೋಡೆಯಲ್ಲಿ ಕಿಂಡಿಯ ಬದಲು ದೊಡ್ಡ ಕಿಟಕಿ ಇದ್ದಿದ್ದರೆ ಒಳಗೆ ಬೆಳಕು ತುಂಬುತ್ತಿತ್ತು. ಗೋಪುರ ಕಾಣುತ್ತಿರಲಿಲ್ಲ.