ಕೇಳುವವರೂ ಹೇಳುವವರೂ

ಯಂತ್ರವನ್ನು ರಚಿಸುವವನು ಅದನ್ನು ಬಳಸಬೇಕಾದ ಎಳೆಯರ ಅಭಿಪ್ರಾಯವನ್ನು ಕೇಳಿದನೆಂದ ಮಾತ್ರಕ್ಕೆ ನ್ಯಾಯ ಸಂದಂತಾಯಿತೆ? ಈ ಪ್ರಶ್ನೆಯನ್ನು ವಿಚಾರಿಸಲು ವಾಚಕರು ದೂರ ಹೋಗಬೇಕಾಗಿಲ್ಲ. ಕೊಯಮತ್ತೂರಿನಲ್ಲಿಯೇ ಅದಕ್ಕೆ ನಿದರ್ಶನವುಂಟು.

ಅರುಣಾಚಲಂ ಮುರುಗಾನಂದಂ ಅವರು 14ನೆಯ ವಯಸ್ಸಿನಲ್ಲಿ ಶಾಲೆಯನ್ನು ಬಿಟ್ಟವರು. 1998ರಲ್ಲಿ ವಿವಾಹವಾದ ತರುವಾಯ, ಪತ್ನಿಯು ಮುಟ್ಟಿನ ದಿನಗಳಲ್ಲಿ ಹಳೆಯ ಬಟ್ಟೆಯನ್ನೇ ಬಳಸುತ್ತಿದ್ದುದನ್ನು ಕಂಡು, ಅಗ್ಗದ ನ್ಯಾಪ್‌ಕಿನ್ನನ್ನು ತಯಾರಿಸಲು ತೊಡಗಿದರು. ಮನೆಯವರು ಸಂಕೋಚದಿಂದ ಹಿಂಜರಿಯಲು, ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರಿಗೆ ಕೊಟ್ಟು, ಅವರ ಅನುಭವವನ್ನು ಬರೆದುಕೊಡುವಂತೆ ಕೇಳಿದರು. ಕೆಲವರೇ ಕುಳಿತು ಎಲ್ಲರ ಉತ್ತರಗಳನ್ನೂ ತುಂಬುತ್ತಿದ್ದುದು ಒಂದು ದಿನ ಅವರ ಕಣ್ಣಿಗೆ ಬಿದ್ದಿತು.

ಇದನ್ನು ಹುಡುಗಿಯರ ಅಸಡ್ಡೆಯೆನ್ನುವುದು ಸುಲಭ. ಆದರೆ ಕೇಳಿದವನು ಪರಪುರುಷ. ವಿಷಯವೋ ತಾಯಿಯೊಡನೆಯೂ ಪಿಸುಮಾತಿನಲ್ಲಿ ಆಡತಕ್ಕದ್ದು. ಫಲದಲ್ಲಿ ಅವರಿಗೆ ಪಾಲೆಂಬುದೂ ಇರಲಿಲ್ಲ. 'ಒಲ್ಲೆ' ಎನ್ನಲು ಎಡೆಯಿಲ್ಲದ ಕಡೆ 'ಚೆನ್ನಾಗಿದೆ' ಎಂಬ ಮಾತಿಗೆ ಬೆಲೆಯೆಲ್ಲಿಯದು? ಹತ್ತಿಯ ನಾಡಿನವರಾದ ಅವರು ಹತ್ತಿಯೇ ಸಾಕೆಂದು ಬಗೆದಿದ್ದರು. ಬೇಕಾದುದು ಮರದ ತಿರುಳಿನ ನಾರೆಂದು ತಿಳಿಯಲು ಎರಡು ವರ್ಷಗಳಿಗೂ ಮಿಕ್ಕ ಕಾಲ ಹಿಡಿಯಿತು. ಸುಳ್ಳು ಮೆಚ್ಚಿಕೆಯನ್ನು ನಂಬಿದ್ದರೆ ಆ ದೋಷವು ಹಾಗೆಯೇ ಉಳಿಯುತ್ತಿದ್ದಿತು. ಅವರು ಆಡಿನ ರಕ್ತ ತುಂಬಿದ ಚೀಲವನ್ನು ತಾವೇ ಕಟ್ಟಿಕೊಂಡು ಪರೀಕ್ಷೆ ನಡೆಸಿದರು. 2006ರಲ್ಲಿ ಪ್ರಶಸ್ತಿ ಬಂದ ಮೇಲೆಯೂ ಯಂತ್ರವನ್ನು ದೊಡ್ಡ ಕಂಪನಿಗಳಿಗೆ ಮಾರದೆ ಹಳ್ಳಿಯ ಸ್ತ್ರೀಸಂಘಗಳಿಗೆ ಒದಗಿಸಿದರು. ಬಳಸುವವಳೇ ತಯಾರಿಸುವವಳೂ ಆದಳು. ಅಲ್ಲಿ ಅವಳ ಮಾತಿಗೆ ತೂಕ ಬಂದಿತು.

ಈ ಚಿತ್ರದ ಮಗ್ಗುಲಲ್ಲಿ ಇನ್ನೊಂದನ್ನು ಇಟ್ಟು ನೋಡೋಣ. ಇದೇ ಕೊಯಮತ್ತೂರು, ತಿರುಪ್ಪೂರು ಸೀಮೆಯ ಹಲವು ನೂಲಿನ ಗಿರಣಿಗಳು 'ಸುಮಂಗಲಿ' ಎಂಬ ಮಂಗಳಕರವಾದ ಹೆಸರಿನ ಯೋಜನೆಯಲ್ಲಿ ಬಡ ಹುಡುಗಿಯರನ್ನು ಸೇರಿಸಿಕೊಂಡುವು. ಸುಮಾರು ಮೂರು ವರ್ಷ ಹಾಸ್ಟೆಲಿನಲ್ಲಿದ್ದು ದುಡಿದರೆ ಕೊನೆಗೆ ಮದುವೆಗೆಂದು ಇಡುಗಂಟು. ನಡುವೆ ಬಿಟ್ಟವರಿಗೆ ಅದು ಕೈತಪ್ಪಿದುದೂ ಉಂಟು. ಕದಿರಿನ ವೇಗವನ್ನೂ ರಾತ್ರಿಯ ಪಾಳಿಯನ್ನೂ ಗೊತ್ತುಮಾಡುವಾಗ, ತುಂಡಾದ ಎಳೆಗಳನ್ನು ಕೂಡಿಸುತ್ತ ನಡೆಯುವ ಆ ಹುಡುಗಿಯನ್ನು ಕೇಳಿದವರಾರು?

ಎಳೆಯರಿಗೆ ಯಂತ್ರಶಾಸ್ತ್ರವೇನು ಗೊತ್ತು ಎಂದು ಆಕ್ಷೇಪಿಸಬಹುದು. ಕೀಲುಗಳ ವಿಚಾರ ಗೊತ್ತಿಲ್ಲದಿರಬಹುದು. ಕಾಲಿನ ನೋವು ನಡೆದವಳಿಗಲ್ಲದೆ ಮತ್ತಾರಿಗೆ ಗೊತ್ತು? ಕೇಳದಿರುವುದು ಅನ್ಯಾಯವೆಂಬುದನ್ನು ಎಲ್ಲರೂ ಒಪ್ಪಿಯಾರು. ಆದರೆ ನಿರಾಕರಿಸುವ ಸ್ವಾತಂತ್ರ್ಯವನ್ನೂ ಫಲದಲ್ಲಿ ಪಾಲನ್ನೂ ಕೊಡದೆ ಕೇಳುವುದು, ಅದೇ ಅನ್ಯಾಯಕ್ಕೆ ಒಪ್ಪಿಗೆಯ ಸಹಿಯನ್ನು ಪಡೆದಂತೆ. ಕೇಳುವವನು ಮೊದಲು ಆ ಎರಡನ್ನೂ ಕೊಟ್ಟು, ಆಮೇಲೆ ಪ್ರಶ್ನೆಯನ್ನು ಎತ್ತಲಿ.