ಮುಂದಾಳಿನ ಲಕ್ಷಣ

ಒಂದು ಕಾರ್ಯದ ಭಾರವನ್ನು ಹೊತ್ತವನು ತನ್ನ ಕೈಕೆಳಗಿನವರಿಗಿಂತ ಎಲ್ಲ ವಿಷಯಗಳಲ್ಲಿಯೂ ಹೆಚ್ಚಿನವನಾಗಿರಬೇಕೆ? ಇರಬೇಕೆಂಬದೇ ಲೋಕದ ಸಾಮಾನ್ಯ ಭಾವನೆ. ಆದುದರಿಂದಲೇ ಅನೇಕ ಯಜಮಾನರು ತಮಗಿಂತ ಜಾಣನಾದ ಗುಮಾಸ್ತನನ್ನು ಕಂಡರೆ ಸಂತೋಷಿಸದೆ ಶಂಕಿಸುವರು. ಈ ಭಾವನೆಯು ಎಷ್ಟರಮಟ್ಟಿಗೆ ಸರಿಯೆಂಬದನ್ನು ವಿಚಾರಿಸುವದಕ್ಕೆ ರಾಯಚೂರು ಸೀಮೆಯವರು ದೂರ ಹೋಗಬೇಕಾಗಿಲ್ಲ. ಇಲ್ಲಿಯೇ ಹುಟ್ಟಿದ ಮೂವರು ಹರಿದಾಸರ ಚರಿತ್ರೆಯು ಸಾಕು.

ಮಾನವಿ ತಾಲೂಕಿನ ಚೀಕಲಪರವಿಯ ವಿಜಯದಾಸರು (1682–1755) ಆ ಕಾಲದ ದಾಸಕೂಟಕ್ಕೆ ಹಿರಿಯರು. ದೇವದುರ್ಗ ತಾಲೂಕಿನ ಮೊಸರಕಲ್ಲಿನ ಗೋಪಾಲದಾಸರು ಅವರ ಶಿಷ್ಯರು. ಮಾನವಿ ತಾಲೂಕಿನ ಬ್ಯಾಗವಾಟದಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರಾದರೋ ಸಂಸ್ಕೃತದಲ್ಲಿ ಘನಪಂಡಿತರು. ಕನ್ನಡದಲ್ಲಿ ಹಾಡುವ ದಾಸರೆಂದರೆ ಅವರಿಗೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದಾಗ ಉದರಶೂಲೆಯ ನೆವ ಹೇಳಿ ತಪ್ಪಿಸಿಕೊಂಡರೆಂದೂ, ಆ ನೆವವೇ ನಿಜವಾದ ವ್ಯಾಧಿಯಾಗಿ ಬಾಧಿಸಲು ಕಡೆಗೆ ಅವರಲ್ಲಿಯೇ ಶರಣುಬಂದರೆಂದೂ ಪ್ರತೀತಿಯುಂಟು.

ಇಲ್ಲಿ ವಿಜಯದಾಸರು ಮಾಡಿದುದೇನು? ಹಳೆಯ ಅವಮಾನವನ್ನು ಎತ್ತಿ ಆಡಲಿಲ್ಲ. ಮಹಾಪಂಡಿತನೊಬ್ಬನು ತಮ್ಮ ಕಾಲಿಗೆ ಬಿದ್ದನೆಂಬ ಕೀರ್ತಿಯನ್ನೂ ತಮಗಾಗಿ ಇಟ್ಟುಕೊಳ್ಳಲಿಲ್ಲ. ರೋಗಿಯನ್ನು ಶಿಷ್ಯರಾದ ಗೋಪಾಲದಾಸರ ಬಳಿಗೆ ಕಳುಹಿದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿಯೇ ಒಂದು ಭಾಗವನ್ನು ಅವರಿಗೆ ಧಾರೆಯೆರೆದರೆಂದು ಭಕ್ತರು ಹೇಳುವರು. ಆಯುರ್ದಾನವನ್ನು ನಂಬುವದೂ ಬಿಡುವದೂ ಅವರವರ ಶ್ರದ್ಧೆಗೆ ಸೇರಿದುದು. ಆದರೆ ತನ್ನಲ್ಲಿಗೆ ಬಂದ ಮಹತ್ಕಾರ್ಯವನ್ನು ಅದಕ್ಕೆ ತಕ್ಕವನ ಕೈಯಲ್ಲಿಡುವ ಧೈರ್ಯವು ಎಲ್ಲರೂ ಗ್ರಹಿಸಬಹುದಾದ ಗುಣ.

ಹೀಗೆ ಪರರ ಮೇಲೆ ಹೊರಿಸುವದು ಸೋಮಾರಿತನವಲ್ಲವೆ ಎಂದು ಯಾರಾದರೂ ಆಕ್ಷೇಪಿಸಬಹುದು. ಅಲ್ಲ. ಸೋಮಾರಿಯು ಕೆಲಸದೊಡನೆ ತಪ್ಪಿನ ಹೊಣೆಯನ್ನೂ ದಾಟಿಸುವನು. ಮುಂದಾಳು ಕೆಲಸವನ್ನೂ ಅದರ ಯಶಸ್ಸನ್ನೂ ಕೊಟ್ಟು, ತಪ್ಪಿನ ಹೊಣೆಯನ್ನು ತನ್ನಲ್ಲಿಯೇ ಉಳಿಸಿಕೊಳ್ಳುವನು. ರಾಯಚೂರಿನ ಅಡತಿ ಅಂಗಡಿಯಲ್ಲಾಗಲಿ, ಕಚೇರಿಯಲ್ಲಾಗಲಿ, ಶಾಲೆಯಲ್ಲಾಗಲಿ ಈ ಭೇದವು ದಿನಂಪ್ರತಿ ಕಾಣಬರುವದು. ಪ್ರತಿಯೊಂದು ಚೀಟಿಯನ್ನೂ ತಾನೇ ಬರೆಯುವ ಯಜಮಾನನು ಒಂದು ದಿನ ಜ್ವರದಿಂದ ಮಲಗಿದರೆ ಅಂಗಡಿಯ ಬಾಗಿಲು ಮುಚ್ಚುವದು. ಆತನು ದುಡಿದುದು ಸುಳ್ಳಲ್ಲ. ಆದರೆ ತನ್ನ ನಂತರ ದುಡಿಯುವವರನ್ನು ಸಿದ್ಧಪಡಿಸಲಿಲ್ಲ.

ಆ ಶ್ರೀನಿವಾಸಾಚಾರ್ಯರೇ ಮುಂದೆ ಜಗನ್ನಾಥದಾಸರಾದರು. ತಾವು ತಾತ್ಸಾರ ಮಾಡಿದ ಕನ್ನಡದಲ್ಲಿಯೇ, ಭಾಮಿನೀ ಷಟ್ಪದಿಯಲ್ಲಿ, ಹರಿಕಥಾಮೃತಸಾರವನ್ನು ರಚಿಸಿದರು. ಇಂದಿಗೂ ಅನೇಕ ಮನೆಗಳಲ್ಲಿ ಅದರ ಪಾರಾಯಣವು ನಡೆದಿದೆ. ಶಿಷ್ಯಪರಂಪರೆಯಲ್ಲಿ ಇಂತಹ ಗ್ರಂಥಕರ್ತನು ಹುಟ್ಟಿದುದರಿಂದ ವಿಜಯದಾಸರ ಹಿರಿಯತನಕ್ಕೆ ಕುಂದೇನಾದರೂ ಬಂದಿತೆ? ಈ ಪ್ರಶ್ನೆಯನ್ನು ಅಧಿಕಾರದಲ್ಲಿರುವ ಪ್ರತಿಯೊಬ್ಬನೂ, ಜಾಣನಾದ ಕಿರಿಯನೊಬ್ಬನು ಎದುರಿಗೆ ಬಂದು ನಿಂತಾಗ, ತನ್ನನ್ನು ತಾನೇ ಕೇಳಿಕೊಳ್ಳತಕ್ಕದ್ದು.